ಇಪ್ಪತ್ತೆರಡನೇ ಕಿಸೆ

ಜನವರಿ 9

ಮಗಳೇ,

ಬರೆದ್ರೆ ನೀನು ಓದಲ್ಲ, ಫೋನ್ ಮಾಡಿದ್ರೆ ಎತ್ತಲ್ಲ. ಅದಕ್ಕೆ ಈ ಮೂರನೇ ದಾರಿ. ಮೈಕಿನ ಗುರುತು ಒತ್ತಿ ಹಿಡ್ಕೊಂಡು ಮಾತಾಡು, ಬಿಟ್ಟ ತಕ್ಷಣ ಹೋಗುತ್ತೆ ಅಂತ ಗೊಣಗಣ್ಣ ಹೇಳಿಕೊಟ್ಟ. ಹೆಬ್ಬೆರಳು ಆಗಲೇ ನೋಯ್ತಿದೆ. ನನ್ನ ಬಾಯಿ ಸೋಲೋದಿಲ್ಲ ಅಂತ ನಿನಗೆ ಗೊತ್ತು, ಹೆಬ್ಬೆರಳು ಸೋತಾಗ ನಿಲ್ಲಿಸ್ತೀನಿ.

ಹಿಂದೆ ಕೇಳಿಸ್ತಾ ಇರೋದು ಹತ್ತೂಕಾಲಿನ ಲಾಂಚು. ಅದೇ ಹಳೇ ಎಂಜಿನ್ನು, ಅದೇ ಕೆಮ್ಮು. ಗೊಣಗಣ್ಣ ಈಗಲೂ ಹಗ್ಗ ಕಟ್ತಾನೆ, ನಾನು ಊಟಕ್ಕೆ ಹೋದಾಗ ಅರ್ಧ ಗಂಟೆ ಟಿಕೆಟ್ ಕಿಟಕೀಲಿ ಕೂರ್ತಾನೆ, ಮಿಕ್ಕ ಹೊತ್ತೆಲ್ಲ ಗೊಣಗ್ತಾನೆ. ನಿಂಗೇನೂ ಹೊಸದಲ್ಲ ಬಿಡು.

ಹೊಸದೇನು ಅಂದ್ರೆ, ಜೂನ್ ಕೊನೆಗೆ ಕಿಟಕಿ ಮುಚ್ತಾರಂತೆ. ಕಾರ್ಡ್ ಉಜ್ಜಿದ್ರೆ ಚೀಟಿ ಉಗಿಯೋ ಮೆಷಿನ್ ಒಂದು ಬಂದು ಮೂಲೇಲಿ ಕೂತಿದೆ, ಇನ್ನೂ ಪ್ಲಾಸ್ಟಿಕ್ಕು ಬಿಚ್ಚಿಲ್ಲ. ಅದಕ್ಕೆ ನಾಣ್ಯ ಹಾಕೋ ಸೀಳೇ ಇಲ್ಲ. ಹಿಂದೆ ಮುಂದೆ ಎಲ್ಲ ಸವರಿ ನೋಡಿದೆ. ಬಾಯಿಲ್ಲದ ಜಂತು. ನನ್ನ ಜಾಗಕ್ಕೆ ಅದು ಬರುತ್ತಂತೆ, ಬರ್ಲಿ. ಕಿಟಕೀಗೆ ಅವರು ಬೀಗ ಹಾಕೋ ದಿನದವರೆಗೂ ನಾನು ಚಿಲ್ಲರೆ ತಗೋತೀನಿ.

ಈಗ ವಿಷಯಕ್ಕೆ ಬರ್ತೀನಿ. ನಾಣ್ಯ ಸಂಗ್ರಾಹಕರ ಸಂಘದವರು ಏಪ್ರಿಲ್‌ನಲ್ಲಿ ಪ್ರದರ್ಶನ ಇಟ್ಟಿದ್ದಾರೆ. ಚಲಾವಣೆಗೆ ಬಂದ ಸ್ಮರಣಾರ್ಥ ನಾಣ್ಯಗಳದ್ದೇ ಒಂದು ವಿಭಾಗ. ಸೇತುವೆಗೆ ಐವತ್ತು ತುಂಬಿದ್ದು, ಅಂಚೆಗೆ ನೂರು ತುಂಬಿದ್ದು, ಗೋಧಿ ತೆನೆಯದ್ದು, ಎಲ್ಲ ಸೇರಿ ಮೂವತ್ತೊಂದು. ನನ್ನ ಆಲ್ಬಮ್ಮಿನಲ್ಲಿ ಮೂವತ್ತಿವೆ. ಇಲ್ಲದೇ ಇರೋದು ಯಾವುದು ಅಂತ ನಾನು ಹೇಳ್ಬೇಕಾಗಿಲ್ಲ. ಚುಚ್ಚೋಕೆ ಹೇಳ್ತಿಲ್ಲ. ಸರಿ, ಸ್ವಲ್ಪ ಚುಚ್ಚೋಕೂ ಇರಬಹುದು.

ಅರ್ಜಿ ಜೊತೆಗೆ ಬೆಲೆ ಕಟ್ಟೋರ ಕಾಗದ ಬೇಕಂತೆ. ನೀನು ಮೂರು ವರ್ಷದಿಂದ ನಾಣ್ಯದ ಅಂಗಡೀಲಿ ಅದೇ ಕೆಲಸಕ್ಕೆ ಭೂತಗನ್ನಡಿ ಹಿಡ್ಕೊಂಡು ಕೂತಿದ್ದೀಯ. ಮೂವತ್ತರದ್ದೂ ಫೋಟೋ ಕಳಿಸ್ತಿದೀನಿ, ಎರಡೂ ಬದಿ. ಕಾಗದ ಬರ್ಕೊಡು. ಅಪ್ಪಂಗೆ ಅಂತ ಅಲ್ಲ, ಗಿರಾಕಿಗೆ ಅಂತ ಬರ್ಕೊಡು.

ಹೆಬ್ಬೆರಳು ಸೋತಿತು.

ನಿನ್ನಪ್ಪ


ಜನವರಿ 22

ಅಪ್ಪನಿಗೆ,

ಫೋಟೋಗಳನ್ನು ನೋಡಿದೆ. ಇಪ್ಪತ್ತೇಳು ನಾಣ್ಯಗಳಿಗೆ ಮುಖಬೆಲೆ ಮಾತ್ರ. ಐದರದ್ದಕ್ಕೆ ಐದು, ಹತ್ತರದ್ದಕ್ಕೆ ಹತ್ತು. ಎರಡಕ್ಕೆ ತುಸು ಹೆಚ್ಚು ಬರಬಹುದು. ಅಂಚೆಯ ನಾಣ್ಯಕ್ಕೂ ಬರುತ್ತಿತ್ತು, ಆದರೆ ಅದನ್ನು ನೀವು ಹಲ್ಲುಪುಡಿಯಿಂದ ಉಜ್ಜಿದ್ದೀರಿ. ಅಕ್ಷರಗಳ ಸುತ್ತ ಗೆರೆ ಬಿದ್ದಿದೆ. ಟಂಕಸಾಲೆಯ ಹೊಳಪು ಬೇರೆ, ಉಜ್ಜಿದ ಹೊಳಪು ಬೇರೆ. ಲೆನ್ಸ್ ಇಟ್ಟರೆ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ.

ಅಂಗಡಿಯ ಯಜಮಾನರ ಸಹಿ ಇರುವ ಕಾಗದವನ್ನು ಇದರೊಂದಿಗೆ ಇಟ್ಟಿದ್ದೇನೆ.

ಚಿಕ್ಕ ಪೊಟ್ಟಣವನ್ನೂ ಇಟ್ಟಿದ್ದೇನೆ. ಅದು ಆಲ್ಬಮ್ಮಿನ ಇಪ್ಪತ್ತೆರಡನೇ ಕಿಸೆಗೆ. ದೀಪಸ್ತಂಭದ ಐದು. ಟಂಕಸಾಲೆಯಿಂದ ಬಂದ ಹಾಗೇ ಇದೆ, ಯಾರ ಬೆರಳೂ ತಾಗಿಲ್ಲ. ಮುಖಬೆಲೆಯ ಎಂಬತ್ತು ಪಟ್ಟು ಕೊಟ್ಟು ನಾನೇ ಕೊಂಡೆ. ನಿಮ್ಮ ಸೆಟ್ ಪೂರ್ತಿಯಾಯಿತು.

ಇನ್ನು ಆ ಕಿಸೆಯಲ್ಲಿರುವ ಚೀಟಿಯನ್ನು ತೆಗೆದುಬಿಡಿ. ನನಗೆ ಒಂಬತ್ತು ವರ್ಷವಾಗಿದ್ದಾಗ ‘ಕಳುವಾಗಿದೆ’ ಎಂದು ಬರೆದಿಟ್ಟಿರಿ. ನಾನು ಕೆಲಸಕ್ಕೆ ಹೊರಟ ದಿನ ಲಾಂಚಿನ ಜನರೆಲ್ಲ ನಿಂತಿದ್ದಾಗ, ನಾಣ್ಯ ಕದ್ದವಳಿಗೆ ನಾಣ್ಯದಂಗಡಿಯಲ್ಲೇ ಕೆಲಸ ಸಿಕ್ಕಿತು ಎಂದು ನಕ್ಕಿರಿ. ಎಲ್ಲರೂ ನಕ್ಕರು. ಅಷ್ಟೇ.

ಮಗಳು


ಫೆಬ್ರವರಿ 6

ಮಗಳೇ,

ನಾನು ಯಾವಾಗಿಂದ ‘ನೀವು’ ಆದೆ? ಕಾಗದ ಓದ್ತಾ ಹಿಂದೆ ತಿರುಗಿ ನೋಡಿದೆ, ಬೇರೆ ಯಾರಾದ್ರೂ ದೊಡ್ಡ ಮನುಷ್ಯರು ಬಂದು ನಿಂತಿದ್ದಾರಾ ಅಂತ.

ಪೊಟ್ಟಣ ವಾಪಸ್ ಕಳಿಸಿದ್ದೀನಿ. ಬಿಚ್ಚಿಲ್ಲ. ಹಟಮಾರಿ ಮುದುಕ ಅಂತೀಯ, ಅನ್ನು. ಮುದುಕ ಅನ್ನೋದಕ್ಕೆ ಮಾತ್ರ ನನ್ನ ತಕರಾರಿದೆ, ಐವತ್ತು ಅಷ್ಟೇ.

ಕೇಳು. ಆ ಸೆಟ್ಟಿಗೆ ಒಂದು ನಿಯಮ ಇದೆ, ನೀನು ಹುಟ್ಟೋಕೆ ಮುಂಚಿಂದ ಇದೆ. ಕೊಂಡಿದ್ದು ಇಲ್ಲ, ಬೇಡಿದ್ದು ಇಲ್ಲ, ಬದಲಾಯಿಸಿಕೊಂಡಿದ್ದು ಇಲ್ಲ. ಯಾರೋ ಲಾಂಚು ಹತ್ತೋಕೆ ಬರ್ಬೇಕು, ಚಿಲ್ಲರೆ ನನ್ನ ಕೈಗೆ ಹಾಕ್ಬೇಕು, ಅದರಲ್ಲಿ ಅದು ಇರ್ಬೇಕು. ನನ್ನ ಜೇಬಿಂದ ಅಷ್ಟೇ ದುಡ್ಡು ಗಲ್ಲಾಪೆಟ್ಟಿಗೆಗೆ ಹಾಕಿ ಎತ್ಕೋತೀನಿ. ನಿಯಮ ಎಷ್ಟು ಕಟ್ಟುನಿಟ್ಟು ಅಂದ್ರೆ, ನಾನು ಊಟಕ್ಕೆ ಹೋದ ಅರ್ಧ ಗಂಟೆಯಲ್ಲಿ ಗೊಣಗಣ್ಣ ತಗೊಂಡ ಚಿಲ್ಲರೇನ ನಾನು ನೋಡೋದೂ ಇಲ್ಲ. ಸೀದಾ ಬ್ಯಾಂಕಿಗೆ ಹೋಗೋ ಮೂಟೆಗೆ ಸುರೀತೀನಿ. ಅದು ಬೇರೆಯವನ ಕೈಗೆ ಬಂದಿದ್ದು, ಅದರಲ್ಲಿ ಹುಡುಕಿದ್ರೆ ಮೋಸ.

ಮುಖಬೆಲೆ ಅಂತ ಬರ್ದಿದ್ದೀಯ. ನಿಮ್ಮ ಯಜಮಾನರಿಗೆ ಹೇಳು, ಒಪ್ಪಿದೆ ಅಂತ. ಮೊನ್ನೆ ನಮ್ಮ ದರ್ಜಿ ಓಡ್ಕೊಂಡು ಬಂದ. ಗೋಧಿ ತೆನೆ ನಾಣ್ಯ ಇದ್ರೆ ಲಕ್ಷ ಕೊಡ್ತಾರಂತೆ, ಮೊಬೈಲ್‌ನಲ್ಲಿ ಬಂದಿದೆ ಅಂದ. ಕೋಟಿಗಟ್ಟಲೆ ಅಚ್ಚು ಹಾಕಿದ್ದಾರೆ ಮಾರಾಯ, ಹೋಗಿ ಗುಂಡಿ ಹೊಲಿ, ಅದರಲ್ಲಿ ಜಾಸ್ತಿ ಬರುತ್ತೆ ಅಂದೆ. ಮುಖ ಊದಿಸ್ಕೊಂಡು ಹೋದ. ನಾನು ಲಕ್ಷಕ್ಕೆ ಕೂತೋನಲ್ಲ. ನನ್ನ ಸೇತುವೆ ನಾಣ್ಯದ ಕಮಾನು ಸವೆದು ಚಪ್ಪಟೆ ಆಗಿದೆ, ಒಪ್ತೀನಿ. ಸಾವಿರ ಜನ ಮುಟ್ಟಿದ್ದಾರೆ ಅದನ್ನ. ಕೊಟ್ಟಿದ್ದು ಒಬ್ಬ ಹಲ್ಲಿನ ಡಾಕ್ಟರು, ತೂಕಡಿಸ್ತಾ ಕೊಟ್ಟ, ಚೀಟೀಲಿ ಬರ್ದಿಟ್ಟಿದ್ದೀನಿ. ನೀನು ಕಳಿಸಿದ್ದನ್ನ ಯಾರೂ ಮುಟ್ಟೇ ಇಲ್ಲ. ಹುಟ್ಟಿದಾಗಿಂದ ಪ್ಲಾಸ್ಟಿಕ್ಕಿನಲ್ಲಿ ಮಲಗಿದೆ. ಅದು ನಾಣ್ಯಾನಾ, ಇಲ್ಲಾ ನಾಣ್ಯದ ಫೋಟೋನಾ?

ನನ್ನ ದೀಪಸ್ತಂಭ ಬರ್ಲಿ. ಬಂದ್ರೆ ಕಿಟಕಿಯಿಂದ ಬರ್ಬೇಕು. ಜೂನ್‌ವರೆಗೆ ಟೈಮಿದೆ. ಹದಿನೈದು ವರ್ಷ ಕಾದಿದ್ದೀನಿ, ಬಂದ ಪ್ರತಿ ಐದನ್ನೂ ತಿರುಗಿಸಿ ನೋಡಿದ್ದೀನಿ. ಅಲ್ಲೀವರೆಗೂ ಚೀಟಿ ಅಲ್ಲೇ ಇರುತ್ತೆ.

ಉಜ್ಜಿದ್ದು ಹಲ್ಲುಪುಡಿ ಅಲ್ಲ, ಬೂದಿ. ಲೆನ್ಸಿಗೆ ಅಷ್ಟೂ ಗೊತ್ತಾಗಲ್ವಾ?

ನಿನ್ನಪ್ಪ


ಫೆಬ್ರವರಿ 15

ಅಪ್ಪನಿಗೆ,

ಕಿಟಕಿಯಿಂದ ಬರಬೇಕು ಎಂದಿರಿ. ಬಂದಿತ್ತು.

ಅಮ್ಮ ಮನೆ ಬಿಟ್ಟು ಆಚೆ ದಡಕ್ಕೆ ಹೋಗಿ ಆಗ ಎರಡು ತಿಂಗಳಾಗಿತ್ತು. ಆಚೆ ದಡದ ಮಾತು ಈ ಮನೆಯಲ್ಲಿ ಬೇಡ ಎಂದು ನೀವು ಹೇಳಿದ್ದಿರಿ. ಅದೂ ಒಂದು ನಿಯಮ. ಹೇಳಿದಂತೆಯೇ ನಾನು ಮಾತೆತ್ತಲಿಲ್ಲ. ಆದರೆ ಹೋಗಬೇಕಿತ್ತು. ಮಕ್ಕಳಿಗೆ ಅರ್ಧ ಟಿಕೆಟ್, ಹೋಗಿ ಬರಲು ಐದು. ಮನೆಯಲ್ಲಿ ನನ್ನ ಕೈಗೆ ಎಟುಕುವಂತೆ ಇದ್ದ ದುಡ್ಡು ಆಲ್ಬಮ್ಮಿನದೊಂದೇ, ಅದರಲ್ಲಿ ಮೊದಲು ಕೈಗೆ ಸಿಕ್ಕ ಐದು ಅದು.

ಸಾಮಾನು ತೂಗುವ ತಕ್ಕಡಿಯ ಹಿಂದೆ ನಿಂತು ಕಾದೆ. ನೀವು ಬುತ್ತಿ ತೆಗೆದುಕೊಂಡು ಎದ್ದು ಹೋದಿರಿ. ಗೊಣಗಣ್ಣ ಬಂದು ಕೂತರು. ಅವರ ಕೈಗೆ ಕೊಟ್ಟೆ. ಅಪ್ಪನಿಗೆ ಹೇಳಬೇಡಿ ಎಂದೆ.

ಅಮ್ಮ ಬಾಗಿಲು ತೆರೆದು ನನ್ನ ಕೈ ನೋಡಿದಳು. ಮೊದಲು ಉಗುರು ಕತ್ತರಿಸಿದಳು, ಹತ್ತೂ ಬೆರಳಿನದು. ಆಮೇಲೆ ಸ್ವಲ್ಪ ಹೊತ್ತು ಅವಳ ಹಾಸಿಗೆಯಲ್ಲಿ ಮಲಗಿದ್ದೆ. ನಾಲ್ಕರ ಲಾಂಚಿಗೆ ಹತ್ತಿಸಿದಳು. ಸಂಜೆ ನೀವು ಆಲ್ಬಮ್ ತೆರೆದಿರಿ.

ನಿಮ್ಮ ನಿಯಮದ ಪ್ರಕಾರ ಊಟದ ಹೊತ್ತಿನ ಚಿಲ್ಲರೆಯನ್ನು ನೀವು ನೋಡುವುದಿಲ್ಲ. ಅದು ನನಗೆ ಆಗ ಗೊತ್ತಿರಲಿಲ್ಲ, ನಿಮ್ಮ ಕಾಗದದಿಂದ ಈಗ ಗೊತ್ತಾಯಿತು.

ಇನ್ನೊಂದು, ಇದು ಕೆಲಸದ ಮಾತು. ಆ ನಾಣ್ಯ ಅಪರೂಪದ್ದಲ್ಲ. ಎಂಬತ್ತು ಲಕ್ಷ ಅಚ್ಚಾಗಿದೆ. ಸವೆದದ್ದಕ್ಕೆ ನಮ್ಮಲ್ಲಿ ಮುಖಬೆಲೆಗಿಂತ ಒಂದು ಬಿಡಿಗಾಸೂ ಹೆಚ್ಚು ಕೊಡುವುದಿಲ್ಲ. ಅದು ಕಿಟಕಿಗೆ ಬರದಿರುವುದು ಯಾಕೆಂದರೆ ಕಂಡವರೆಲ್ಲ ನಿಮ್ಮ ಹಾಗೆಯೇ ಎತ್ತಿಟ್ಟುಕೊಂಡಿದ್ದಾರೆ.

ಅಮ್ಮನ ಮನೆಗೆ ತಿಂಗಳಿಗೊಮ್ಮೆ ಬರುತ್ತೇನೆ. ಬಸ್ಸಿನಲ್ಲಿ, ಸೇತುವೆಯ ಮೇಲೆ. ನಿಮ್ಮ ಕಿಟಕಿಯ ತಗಡು ಮೇಲಿನಿಂದ ಕಾಣುತ್ತದೆ.

ಮಗಳು


ಮಾರ್ಚ್ 30

ಮಗಳೇ,

ಆರು ವಾರ ಆಯ್ತು, ಗೊತ್ತು. ಮಾತಾಡೋದು, ಅಳಿಸೋದು. ಒಂಬತ್ತು ಸಲ ಆಯ್ತು. ಇದು ಹತ್ತನೇದು. ಈ ಸಲ ಬೆರಳು ಬಿಟ್ಟುಬಿಡ್ತೀನಿ, ಹೋದ್ರೆ ಹೋಗ್ಲಿ.

ನಿನ್ನ ಕಾಗದ ಬಂದ ದಿನ ನಾನು ಅಳ್ಲಿಲ್ಲ, ಸಿಟ್ಟು ಮಾಡ್ಕೊಂಡೆ. ನನಗೆ ಬರೋದು ಅದೊಂದೇ. ಸೀದಾ ಗೊಣಗಣ್ಣನ ಹತ್ರ ಹೋದೆ. ಹಗ್ಗ ಸುತ್ತುತಾ ಇದ್ದ.

“ಹದಿನೈದು ವರ್ಷದ ಹಿಂದೆ ನನ್ನ ಮಗಳು ನಿನ್ನ ಕೈಗೆ ದೀಪಸ್ತಂಭದ ಐದು ಕೊಟ್ಲಾ?”

“ಕೊಟ್ಲು.”

“ಗೊತ್ತಿದ್ದೂ ಸುಮ್ನಿದ್ಯಾ?”

“ಯಾವ ಐದು ಅಂತ ನಾನೇನು ನೋಡಿದ್ನಾ? ಐದು ಕೊಟ್ಲು, ಅರ್ಧ ಟಿಕೆಟ್ ಹರ್ದೆ. ಆಮೇಲೆ ನೀನು ಕೂಗಾಡೋಕೆ ಶುರು ಮಾಡಿದ್ಮೇಲೆ ಗೊತ್ತಾಯ್ತು.”

“ಹದಿನೈದು ವರ್ಷ ಕಣೋ. ಪಕ್ಕದಲ್ಲೇ ಕೂತು ನಾನು ಹುಡುಕೋದು ನೋಡ್ತಿದ್ದೆಯಲ್ಲೋ.”

ಆಗ ಹಗ್ಗ ಕೆಳಗಿಟ್ಟ. ಅವನು ಹಗ್ಗ ಕೆಳಗಿಟ್ಟು ಮಾತಾಡಿದ್ದು ನಾನು ನೋಡೇ ಇಲ್ಲ. “ನೀನು ಬಂದು ಕೇಳಿದ್ದು ನಾಣ್ಯ ಎಲ್ಲಿಗೆ ಹೋಯ್ತು ಅಂತ. ಮಗು ಎಲ್ಲಿಗೆ ಹೋಗಿತ್ತು ಅಂತ ಒಂದಿನ ಕೇಳಿದ್ಯಾ? ಕೇಳಿದ್ರೆ ಹೇಳ್ತಿದ್ದೆ.”

ಅಷ್ಟು ಹೇಳಿ ಮತ್ತೆ ಗೊಣಗ್ತಾ ಹಗ್ಗ ಎತ್ಕೊಂಡ.

ಆ ದಿನದ ಚಿಲ್ಲರೆ ಮೂಟೆ ಕಟ್ಟಿದ್ದು ನಾನೇ. ಊಟದ ಹೊತ್ತಿನದ್ದನ್ನ ಬೇರೆ ಡಬ್ಬೀಲಿ ಇಡ್ತಾನಲ್ಲ, ಅದನ್ನ ಮುಖ ತಿರುಗಿಸ್ಕೊಂಡು ಸುರಿದಿರ್ತೀನಿ. ನಾನು ಎಷ್ಟು ನೇರ ನೋಡು, ಪ್ರಾಮಾಣಿಕ ಮನುಷ್ಯ. ನನ್ನ ಕೈಯಿಂದಾನೇ ಬ್ಯಾಂಕಿಗೆ ಹೋಯ್ತು. ಮನೆಗೆ ಬಂದು ನಿನ್ನ ಕಳ್ಳಿ ಅಂದೆ.

ಉಗುರಿನ ವಿಷ್ಯ. ಅದನ್ನ ನಾನು ನೋಡಿರ್ಲಿಲ್ಲ. ಇಷ್ಟು ದಿನ ಅದೇ ಯೋಚನೆ. ನಾಣ್ಯದ ಅಂಚಿನಲ್ಲಿ ಎಷ್ಟು ಹಲ್ಲಿವೆ ಅಂತ ಎಣಿಸಬಲ್ಲೆ. ನಿನ್ನ ಉಗುರು ಬೆಳೆದಿದ್ದು ಕಂಡಿಲ್ಲ.

ಕ್ಷಮಿಸು ಅಂತ ಹೇಳೋಕೆ ನನ್ನ ನಾಲಿಗೆ ತಿರುಗೋದಿಲ್ಲ, ನಿನಗೆ ಗೊತ್ತು. ಬೇರೇನಾದ್ರೂ ಮಾಡ್ತೀನಿ. ಮಾಡಿ ಹೇಳ್ತೀನಿ.

ಅಪ್ಪ


ಏಪ್ರಿಲ್ 14

ಮಗಳೇ,

ನೀನು ಉತ್ತರ ಕೊಟ್ಟಿಲ್ಲ, ಪರವಾಗಿಲ್ಲ. ನಾನು ಹೇಳ್ತೀನಿ ಅಂದಿದ್ದೆ, ಹೇಳ್ತೀನಿ.

ಪ್ರದರ್ಶನಕ್ಕೆ ಹೋಗಿದ್ದೆ. ಇದ್ದಿದ್ದರಲ್ಲಿ ಒಳ್ಳೇ ಅಂಗಿ, ಕಂಕುಳಲ್ಲಿ ಆಲ್ಬಮ್ಮು. ಸಂಘದ ಕಾರ್ಯದರ್ಶಿ ಒಬ್ಬರಿದ್ದಾರೆ, ಎರಡು ಕನ್ನಡಕದೋರು, ಒಂದು ಮೂಗಿನ ಮೇಲೆ, ಇನ್ನೊಂದು ತಲೆ ಮೇಲೆ. ಒಂದೊಂದೇ ಪುಟ ತಿರುವಿ ಇಪ್ಪತ್ತೆರಡನೇ ಕಿಸೆ ಹತ್ರ ನಿಂತ್ರು.

“ಇಲ್ಲಿ ಖಾಲಿ ಇದೆಯಲ್ಲ.”

“ಖಾಲಿ ಅಲ್ಲ ಸ್ವಾಮಿ. ಚೀಟಿ ಇದೆ, ಓದಿ.”

ತಲೆ ಮೇಲಿದ್ದ ಕನ್ನಡಕ ಇಳಿಸಿ ಓದಿದ್ರು. ಹಳೇ ಚೀಟಿ ಅಲ್ಲ ಅದು. ಹಳೇದನ್ನ ಹರಿದು ನದಿಗೆ ಹಾಕಿದೆ. ಹೊಸದರಲ್ಲಿ ಏನಿದೆ ಅಂದ್ರೆ:

‘ಐದು. ದೀಪಸ್ತಂಭ. ಖರ್ಚಾಗಿದೆ. ಖರ್ಚು ಮಾಡಿದವರು ನನ್ನ ಮಗಳು, ವಯಸ್ಸು ಒಂಬತ್ತು. ಸಿಕ್ಕಿದ್ದು: ಆಚೆ ದಡ, ಹೋಗಿ ಬರೋಕೆ.’

“ಇದೆಲ್ಲ ಮನೆ ವಿಷಯ,” ಅಂದ್ರು. “ಖರ್ಚಾಗಿರೋದನ್ನ ಪ್ರದರ್ಶನಕ್ಕೆ ಇಡೋಕಾಗಲ್ಲ. ಪೂರ್ತಿ ಸೆಟ್ ಇದ್ರೆ ಮಾತ್ರ ಮೇಜು. ಅಂಗಡೀಲಿ ಸಿಗುತ್ತೆ, ಒಂದು ತಂದು ಹಾಕಿಬಿಡಿ. ಬಹುಮಾನಾನೂ ಬರಬಹುದು, ನಿಮ್ಮ ಚೀಟಿಗಳು ಚೆನ್ನಾಗಿವೆ.”

“ಇದು ಯಾವ ವಿಭಾಗ ಸ್ವಾಮಿ?”

“ಚಲಾವಣೆಯ ನಾಣ್ಯಗಳು.”

“ಹಾಗಾದ್ರೆ ಈ ಆಲ್ಬಮ್ಮಿನಲ್ಲಿ ಆ ಕೆಲಸ ಮಾಡಿರೋದು ಇದೊಂದೇ. ಮಿಕ್ಕ ಮೂವತ್ತೂ ಬಂದು ನನ್ನ ಹತ್ರ ಸೆರೆ ಬಿದ್ದಿವೆ. ಬೇಕಾದ್ರೆ ಅವನ್ನ ಹೊರಗೆ ಹಾಕಿ, ಇದಕ್ಕೆ ಮೇಜು ಕೊಡಿ.”

ಹಿಂದೆ ಯಾರೋ ನಕ್ಕರು. ಕಾರ್ಯದರ್ಶಿ ನಗಲಿಲ್ಲ. ಅರ್ಜಿ ಮೇಲೆ ‘ಅಪೂರ್ಣ’ ಅಂತ ಕೆಂಪು ಇಂಕಿನಲ್ಲಿ ಬರೆದು ಕೊಟ್ರು. ನಾನು ಮನೆಗೆ ಹೋಗಲಿಲ್ಲ. ಬಾಗಿಲಾಚೆ ಕುಡಿಯೋ ನೀರಿನ ನಲ್ಲಿ ಇತ್ತು, ಪಕ್ಕದಲ್ಲಿ ಒಂದು ಕಾಲು ಮುರಿದ ಕುರ್ಚಿ. ಅದರ ಮೇಲೆ ಆಲ್ಬಮ್ ಬಿಡಿಸಿಟ್ಟು ನಾನೇ ನಾಲ್ಕನೇ ಕಾಲಾಗಿ ನಿಂತೆ. ಸಂಜೆ ಐದರವರೆಗೆ. ಕಾವಲುಗಾರ ಎರಡು ಸಲ ಓಡಿಸೋಕೆ ಬಂದ. ನೀರು ಕುಡಿಯೋಕೆ ಬಂದಿದ್ದೀನಿ, ಬಾಯಾರಿಕೆ ಇನ್ನೂ ಹೋಗಿಲ್ಲ ಅಂದೆ. ಮೂರನೇ ಸಲ ಬಂದವನು ಚೀಟಿಗಳನ್ನ ಓದ್ತಾ ನಿಂತುಬಿಟ್ಟ.

ನೀರು ಕುಡಿಯೋಕೆ ಬಂದವರೆಲ್ಲ ನೋಡಿದ್ರು. ಒಬ್ಬ ಹೆಂಗಸು, ಆಸ್ಪತ್ರೆ ಆಯಾ ಇರ್ಬೇಕು, ಆ ಥರದ ಸೀರೆ, ಇಪ್ಪತ್ತೆರಡರ ಹತ್ರ ಬಹಳ ಹೊತ್ತು ನಿಂತಿದ್ಲು. “ಅಣ್ಣಾ, ಆ ಮಗು ಆಮೇಲೆ ಮತ್ತೆ ಹೋಯ್ತಾ ಆಚೆ ದಡಕ್ಕೆ?” ಅಂತ ಕೇಳಿದ್ಲು.

“ಗೊತ್ತಿಲ್ಲಮ್ಮ. ನಾನು ಕೇಳಿಲ್ಲ,” ಅಂದೆ.

ಈಗ ಕೇಳ್ತಿದ್ದೀನಿ. ಮತ್ತೆ ಹೋದ್ಯಾ? ಯಾವ ದುಡ್ಡಲ್ಲಿ ಹೋದೆ?

ಅಪ್ಪ


ಮೇ 3

ಅಪ್ಪಾ,

ಹೋದೆ. ಹನ್ನೊಂದು ಸಲ. ಗೊಣಗಣ್ಣ ಮತ್ತೆ ದುಡ್ಡು ತೆಗೆದುಕೊಳ್ಳಲಿಲ್ಲ. ತೂಗುವ ತಕ್ಕಡಿಯ ಮೇಲೆ ನಿಲ್ಲಿಸಿ, ಸಾಮಾನು, ಇಪ್ಪತ್ತು ಕಿಲೋ, ಬಾಡಿಗೆ ಮಾಫಿ ಎಂದು ಹತ್ತಿಸುತ್ತಿದ್ದರು. ಅವರ ಮೇಲೆ ಕೂಗಾಡಬೇಡ.

ನೀನು ವಾಪಸ್ ಕಳಿಸಿದ ಪೊಟ್ಟಣ ನನ್ನ ಮೇಜಿನ ಮೇಲೇ ಬಿದ್ದಿತ್ತು. ನಿನ್ನೆ ನಿನ್ನ ಮಾತನ್ನು ಇನ್ನೊಂದು ಸಲ ಕೇಳಿಸಿಕೊಂಡೆ, ಕುರ್ಚಿಯ ನಾಲ್ಕನೇ ಕಾಲಾದದ್ದು. ಆಮೇಲೆ ಕತ್ತರಿ ತೆಗೆದುಕೊಂಡು ಪ್ಲಾಸ್ಟಿಕ್ ಕತ್ತರಿಸಿದೆ. ಯಜಮಾನರು ನನ್ನ ಕೈ ಹಿಡಿಯಲು ಬಂದರು. ಹುಚ್ಚೇ ನಿನಗೆ, ಬೆರಳು ತಾಗಿದರೆ ಮುಕ್ಕಾಲು ಬೆಲೆ ಹೋಗುತ್ತದೆ ಎಂದರು. ಹೋಗಲಿ ಎಂದು ಅಂಗೈಯಲ್ಲಿಟ್ಟು ಚೆನ್ನಾಗಿ ತಿಕ್ಕಿದೆ. ಬೂದಿ ಸಿಗಲಿಲ್ಲ.

ಸಂಜೆ ಬಸ್ಸಿನಲ್ಲಿ ಟಿಕೆಟ್ಟಿಗೆ ಕೊಟ್ಟೆ. ಕಂಡಕ್ಟರ್ ನೋಡಲೂ ಇಲ್ಲ, ಚೀಲಕ್ಕೆ ಹಾಕಿಕೊಂಡ. ಎಂಬತ್ತು ಐದುಗಳ ನಾಣ್ಯ, ಒಂದು ಐದಕ್ಕೆ ಹೋಯಿತು. ಇಳಿಯುವಾಗ ನನಗೆ ನಗು ಬಂತು. ಒಂಬತ್ತು ವರ್ಷದವಳಾಗಿದ್ದಾಗ ಬರಲಿಲ್ಲ ಈ ನಗು.

ಈಗ ಅದು ಹೊರಗಿದೆ. ಯಾರ ಕೈಗಾದರೂ ಹೋಗಬಹುದು. ನೀನು ತಿರುಗಿಸಿ ನೋಡುತ್ತಿರು, ಇಲ್ಲ ಬಿಡು.

ಮಗಳು


ಮೇ 5

ಮಗಳೇ,

ನಿಮ್ಮ ಯಜಮಾನರಿಗೆ ಎದೆನೋವು ಬರ್ಲಿಲ್ಲ ತಾನೇ? ಗೊಣಗಣ್ಣಂಗೆ ಓದಿ ಹೇಳಿದೆ. ಇಪ್ಪತ್ತು ಅಲ್ಲ, ಇಪ್ಪತ್ತೆರಡು ಕಿಲೋ, ಚೀಲ ಇತ್ತು ಬೆನ್ನಿಗೆ ಅಂದ. ಆಮೇಲೆ ಮೂಗು ಒರೆಸ್ಕೊಂಡು ಎಂಜಿನ್ನಿನ ಹೊಗೇನ ಬೈದ. ಎಂಜಿನ್ನು ಆಫಾಗಿತ್ತು.

ತಿರುಗಿಸಿ ನೋಡೋದು ಬಿಟ್ಟಿದ್ದೀನಿ. ಬಂದಿದ್ದು ಬಂದ ಹಾಗೆ ಗಲ್ಲಾಪೆಟ್ಟಿಗೆಗೆ. ಹದಿನೈದು ವರ್ಷ ಜನರ ಅಂಗೈ ನೋಡ್ತಿದ್ದೆ, ಈಗ ಮುಖ ನೋಡ್ತಿದ್ದೀನಿ. ದಿನಾ ಒಂಬತ್ತರ ಲಾಂಚಿಗೆ ಬರೋ ಟೀಚರಮ್ಮಂಗೆ ಕೆನ್ನೇಲಿ ಗುಳಿ ಬೀಳುತ್ತೆ. ಆರು ವರ್ಷದಿಂದ ಬರ್ತಿದ್ದಾರೆ, ನಾನು ನೋಡಿದ್ದು ಮೊನ್ನೆ.

ಒಂದು ಕೇಳ್ಬೇಕು. ಮುಂದಿನ ಸಲ ಅಮ್ಮನ ಮನೆಗೆ ಹೋಗುವಾಗ ಸೇತುವೆ ಹತ್ರ ಬಸ್ ಇಳಿ. ಲಾಂಚಿನಲ್ಲಿ ಹೋಗು. ಕಿಟಕಿ ಇನ್ನೂ ಇದೆ, ಬೀಗ ಹಾಕಿಲ್ಲ. ಮೆಷಿನ್ನಿನ ಪ್ಲಾಸ್ಟಿಕ್ಕು ಬಿಚ್ಚಿದ್ದಾರೆ, ನಾನದರ ಮೇಲೆ ಬುತ್ತಿ ಇಡ್ತೀನಿ. ಬೈದಿದ್ದಾರೆ, ಆದ್ರೂ ಇಡ್ತೀನಿ.

ನೀನು ಬರೋ ದಿನ ನಾನು ಊಟಕ್ಕೆ ಎದ್ದು ಹೋಗಲ್ಲ. ಹೋಗು ಅಂದ್ರೆ ಹೋಗ್ತೀನಿ. ಗೊಣಗಣ್ಣ ಕೂರ್ತಾನೆ, ನಾನು ದೂರದಿಂದ ಲಾಂಚು ಬಿಡೋದು ನೋಡ್ತೀನಿ. ಹೇಗೆ ಹೇಳ್ತೀಯೋ ಹಾಗೆ.

ಅಪ್ಪ


ಜೂನ್ 19

ಅಪ್ಪಾ,

ಈ ಸಲ ನಾನೂ ಮೈಕು ಒತ್ತಿ ಹಿಡ್ಕೊಂಡಿದ್ದೀನಿ. ಬುಧವಾರ ಬರ್ತೀನಿ. ಒಂದೂಕಾಲಿನ ಲಾಂಚಿಗೆ. ಊಟಕ್ಕೆ ಹೋಗ್ಬೇಡ.

ಅರ್ಧ ಟಿಕೆಟ್ ಅಲ್ಲ, ಈಗ ಪೂರ್ತಿ. ಹೋಗಿ ಬರೋಕೆ. ಸಂಜೆ ಈ ದಡದಲ್ಲೇ ಇಳೀತೀನಿ, ಮನೆ ಬೀಗದ ಕೈ ನನ್ನ ಹತ್ರ ಇಲ್ಲ.

ಇನ್ನೊಂದು. ನಾಣ್ಯ ತರಲ್ಲ. ದೊಡ್ಡ ನೋಟೇ ಕೊಡೋದು. ನಿನ್ನ ಕಿಟಕಿಗೆ ಎಲ್ಲರೂ ಕೊಟ್ಟಿದ್ದು ಸಾಕು, ನನಗೆ ಚಿಲ್ಲರೆ ನೀನು ಕೊಡ್ಬೇಕು. ಗಲ್ಲಾಪೆಟ್ಟಿಗೆಯಿಂದ ಅಲ್ಲ, ಆಲ್ಬಮ್ಮಿಂದ.

ಮಗಳು


ಜೂನ್ 19

ಮಗಳೇ,

ಮೂವತ್ತು ಕಿಸೇನೂ ಬಿಚ್ಚಿದೆ. ಚಿಲ್ಲರೆ ಇದೆ, ಬಾ.

ಅಪ್ಪ